ಘಾಟಿ ಇಳಿಯುವ ನಿರ್ಧಾರ ಯಾರದು?

ಪ್ರಶ್ನೆ: ಮೂಡಿಗೆರೆ ಇ.ಎಂ.ಟಿ.

ಆಂಬುಲೆನ್ಸಿನಲ್ಲಿ ಆರು ವರ್ಷ ಇ.ಎಂ.ಟಿ. (ತುರ್ತು ಚಿಕಿತ್ಸಾ ತಂತ್ರಜ್ಞ) ಆಗಿ ದುಡಿದ ಮೇಲೆ ಈ ವರ್ಷ ನಾಲ್ಕು ಗಾಡಿಗಳ ಸಿಬ್ಬಂದಿಯ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. ಕಳೆದ ತಿಂಗಳು ಕೊಟ್ಟಿಗೆಹಾರದ ಸಮೀಪದ ಕಾಫಿ ತೋಟವೊಂದರಿಂದ ಎದೆನೋವಿನ ಕರೆ ಬಂದಿತು. ತೋಟದ ಲೆಕ್ಕ ಬರೆಯುವ, ಐವತ್ತು ದಾಟಿದ ರೈಟರೊಬ್ಬರು ಬೆವರಿನಲ್ಲಿ ತೊಯ್ದುಹೋಗಿದ್ದರು. ಮೂಡಿಗೆರೆಯ ಕಡೆಗೆ ಹಿಂದಿರುಗಿದ್ದರೆ ಸುಮಾರು ಅರ್ಧ ಗಂಟೆಯಲ್ಲಿ ಆಸ್ಪತ್ರೆ ಸಿಗುತ್ತಿತ್ತು. ಆದರೆ ಮನೆಯವರು ಚಾರ್ಮಾಡಿ ಇಳಿದು ನೇರ ಮಂಗಳೂರಿಗೇ ಹೋಗಬೇಕೆಂದು ಹಟ ಹಿಡಿದರು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ನಮ್ಮ ಹುಡುಗ ಆಸ್ಪಿರಿನ್ ಅಗಿಯಲು ಕೊಟ್ಟು, ನಾಡಿ ಮತ್ತು ರಕ್ತದೊತ್ತಡ ನೋಡಿ, ಕೊನೆಗೆ ಅವರ ಮಾತಿಗೇ ಒಪ್ಪಿದ. ಮಂಜು ಕವಿದ ತಿರುವುಗಳ ನಡುವೆ ರೋಗಿಯ ಹೃದಯ ನಿಂತಿತು. ಗಾಡಿ ಓಡುತ್ತಲೇ ಇತ್ತು. ಅವನು ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದರಲ್ಲಿ ಎದೆ ಒತ್ತುತ್ತಿದ್ದನಂತೆ. ರೋಗಿ ಉಳಿಯಲಿಲ್ಲ. ಹುಡುಗ ಈಗ ರಾತ್ರಿ ಪಾಳಿಯೇ ಬೇಡವೆನ್ನುತ್ತಿದ್ದಾನೆ. ಅವನೊಂದಿಗೆ ಹೇಗೆ ಮಾತನಾಡಲಿ? ಇಂಥ ನಿರ್ಧಾರವನ್ನು ಅವನೊಬ್ಬನ ಮೇಲೆ ಬಿಟ್ಟದ್ದು ನನ್ನ ತಪ್ಪೇ?

ಉತ್ತರ: ತಾಲೂಕು ಆಸ್ಪತ್ರೆಯ ವೈದ್ಯ

ಚಿಕಿತ್ಸೆಯ ಮಾತನ್ನು ಮೊದಲು ಹೇಳುತ್ತೇನೆ. ಇಸಿಜಿಯಲ್ಲಿ ರಕ್ತನಾಳ ಪೂರ್ತಿ ಮುಚ್ಚಿರುವುದು ಕಂಡು, ಅಲ್ಲಿಂದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ) ಆಗುವಂತಿದ್ದರೆ ದೊಡ್ಡ ಆಸ್ಪತ್ರೆಗೆ ನೇರ ಹೋಗುವುದು ಸರಿ. ಕೊಟ್ಟಿಗೆಹಾರದಿಂದ ಮಂಗಳೂರಿನಲ್ಲಿ ಆ ಚಿಕಿತ್ಸೆ ನಡೆಯುವ ಕ್ಯಾತ್‌ಲ್ಯಾಬ್ ಮೇಜಿನವರೆಗೆ, ಮಂಜಿನ ರಾತ್ರಿಯಲ್ಲಿ, ಆ ಲೆಕ್ಕ ಕೂಡಿಬರುವುದಿಲ್ಲ. ಆಗ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಮೊದಲು, ಪ್ರಯಾಣ ಆಮೇಲೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದೇ: ತಾಲೂಕು ಮಟ್ಟದಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳಿದ ಮೇಲೆ ಇಲ್ಲಿಯೇ ಮದ್ದು ಕೊಡುವುದು. ಇತ್ತೀಚೆಗೆ ಪಾರ್ಶ್ವವಾಯು ಅಥವಾ ರಕ್ತಸ್ರಾವ ಆದವರಿಗೆ ಅದು ಸಲ್ಲದು. ಆದುದರಿಂದ ಆ ಎರಡು ಪ್ರಶ್ನೆಗಳನ್ನು ಗಾಡಿಯಲ್ಲಿಯೇ ಕೇಳಿ ನಮಗೆ ಫೋನ್ ಮಾಡಿದರೆ ನಾವು ಸಿದ್ಧವಾಗಿರುತ್ತೇವೆ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಆಗಬೇಕು. ಒಂದು ಕೈಯಲ್ಲಿ, ತಿರುವಿನಲ್ಲಿ, ಅದು ಯಾರಿಂದಲೂ ಸಾಧ್ಯವಿಲ್ಲ. ಗಾಡಿ ನಿಲ್ಲಿಸಬೇಕಿತ್ತು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರದ ಪ್ಯಾಡ್ ಅಂಟಿಸಬೇಕಿತ್ತು.

ಉತ್ತರ: ಸಕಲೇಶಪುರ ಪೈಲಟ್ (ಆಂಬುಲೆನ್ಸ್ ಚಾಲಕ)

ಡಾಕ್ಟರೇ, ನಿಲ್ಲಿಸಬೇಕಿತ್ತು ಎಂಬುದನ್ನು ಒಪ್ಪುತ್ತೇನೆ, ಆದರೆ ಚಾಲಕನ ಸೀಟಿನಿಂದಲೂ ಒಮ್ಮೆ ನೋಡಿ. ಪಕ್ಕದಲ್ಲಿ ರೋಗಿಯ ಮಗ ಕುಳಿತು ‘ಬೇಗ ಹೋಗಿ ಅಣ್ಣಾ’ ಎಂದು ಅಳುತ್ತಿರುವಾಗ, ಹಿಂದಿನಿಂದ ಸ್ಪಷ್ಟವಾದ ಮಾತು ಬರದೆ ಬ್ರೇಕ್ ಒತ್ತಲು ಯಾವ ಪೈಲಟ್‌ಗೂ ಧೈರ್ಯ ಬರುವುದಿಲ್ಲ. ಶಿರಾಡಿಯಲ್ಲಿ ನನಗೂ ಹೀಗೆಯೇ ಆಗಿತ್ತು. ಈಗ ನಾನು ಮತ್ತು ನನ್ನ ಇ.ಎಂ.ಟಿ. ಮೊದಲೇ ಮಾತಾಡಿಕೊಂಡಿದ್ದೇವೆ: ಅವರು ನಡುವಿನ ಕಿಟಕಿಗೆ ಎರಡು ಸಲ ಬಡಿದರೆ ಕಾರಣ ಕೇಳದೆ ಅಗಲವಾದ ಜಾಗ ನೋಡಿ ನಿಲ್ಲಿಸುತ್ತೇನೆ, ಇಳಿದು ಹಿಂದೆ ಹೋಗಿ ನಾನೂ ಎದೆ ಒತ್ತುತ್ತೇನೆ.

ಉತ್ತರ: ಹಾಸನದ ಹಿರಿಯ ನರ್ಸ್

ಮನೆಯವರ ಹಟವನ್ನು ಬರೀ ಮೊಂಡುತನವೆಂದು ನೋಡಬೇಡಿ. 2025ರ ಜೂನ್–ಜುಲೈಯಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಆರೋಗ್ಯವಾಗಿದ್ದವರೂ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತಿದ್ದರು. ದೊಡ್ಡ ಆಸ್ಪತ್ರೆ ಮುಟ್ಟಿದರೆ ಜೀವ ಉಳಿದಂತೆ ಎಂಬ ಭಾವನೆ ನಮ್ಮ ಕಡೆ ಆಳವಾಗಿದೆ. ಆದುದರಿಂದ ‘ಮಂಗಳೂರು ಬೇಡ’ ಎನ್ನದೆ ‘ಮಂಗಳೂರಿಗೆ ಹೋಗುವ ಮುಂಚೆ ಇಂಜೆಕ್ಷನ್ ಹಾಕಿಸಿಕೊಂಡು ಹೋಗೋಣ’ ಎಂದು ಹೇಳಲು ಹುಡುಗರಿಗೆ ಕಲಿಸಿ. ಅದಕ್ಕೂ ಒಪ್ಪದಿದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ಮನೆಯವರೊಡನೆ ಮಾತನಾಡುವ ಹೊಣೆ ನಿಮ್ಮದು, ಎಂಟು ತಿಂಗಳ ಹುಡುಗನದಲ್ಲ. ನಿಮ್ಮ ತಪ್ಪೇ ಎಂದು ಕೇಳಿದಿರಿ. ಆ ವ್ಯವಸ್ಥೆ ಇರಲಿಲ್ಲವಾದರೆ, ಅಷ್ಟರ ಮಟ್ಟಿಗೆ ಹೌದು.

ಅವನೊಂದಿಗೆ ಮಾತನಾಡುವಾಗ ಪೈಲಟನ್ನೂ ಕೂರಿಸಿಕೊಳ್ಳಿ. ‘ಯಾಕೆ ನಿಲ್ಲಿಸಲಿಲ್ಲ’ ಎಂದು ಆರಂಭಿಸಬೇಡಿ. ಕರೆ ಬಂದ ಗಳಿಗೆಯಿಂದ ನಡೆದದ್ದನ್ನು ಅವನೇ ಹೇಳಲಿ. ರಾತ್ರಿ ಪಾಳಿಯಿಂದ ಕೆಲವು ವಾರ ಬಿಡುವು ಕೊಡಿ, ಆಮೇಲೆ ಮೊದಲ ಎರಡು ಮೂರು ರಾತ್ರಿ ನೀವೇ ಅವನ ಜೊತೆ ಗಾಡಿ ಹತ್ತಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಳೆ ಇಬ್ಬರನ್ನೂ ಕರೆದಿದ್ದೇನೆ. ಕಿಟಕಿ ಬಡಿಯುವ ಸಂಕೇತವನ್ನು ನಾಲ್ಕೂ ಗಾಡಿಗಳಲ್ಲಿ ತರುತ್ತೇನೆ. ಡಾಕ್ಟರೇ, ನಮ್ಮ ಸುತ್ತಲಿನ ತಾಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಆ ಮದ್ದು ಇದೆಯೇ ಎಂದು ಪ್ರತಿದಿನ ಸಂಜೆ ಕೇಳಿಕೊಂಡರೆ ನಿಮ್ಮವರಿಗೆ ಬೇಸರವಾಗುವುದೇ?