ಪುಸ್ತಕದ ಜರ್ಮನ್ ಬಂತು, ಚಾಟ್ ಜರ್ಮನ್ ತಲೆಬುಡ ತಿಳಿಯಲ್ಲ

ಬಿ1_ಬಡಪಾಯಿ
ಬಿ1 (ಮಧ್ಯಮ) ಮಟ್ಟದ ವ್ಯಾಕರಣ ಮುಗಿದಿದೆ, ಸುದ್ದಿ ನಿಧಾನಕ್ಕೆ ಓದಿದರೆ ಅರ್ಥವಾಗುತ್ತೆ. ಜರ್ಮನ್ನರ ಚಾಟ್ ಗುಂಪಿಗೆ ಬಂದರೆ ಮಾತ್ರ ಅರ್ಧಕ್ಕರ್ಧ ಸಾಲು ಕೈಗೆ ಸಿಗಲ್ಲ. ಮೂರು ಪ್ರಶ್ನೆ: ಚಾಟ್‌ನ ಮೊಟಕು ಪದಗಳನ್ನು ಯಾವ ಕ್ರಮದಲ್ಲಿ ಕಲಿಯಬೇಕು? ತಮಾಷೆಯ ನುಡಿಗಟ್ಟುಗಳಲ್ಲಿ ಜನ ನಿಜವಾಗಿ ಬಳಸೋದು ಯಾವುವು? "ಡಿಗ್ಗ" (ಮಚ್ಚಾ ಥರ) ಅಂತ ಯಾರಿಗೆ ಬೇಕಾದರೂ ಅನ್ನಬಹುದಾ?

ಮಾತಿನಮಲ್ಲಿ
ಸ್ಲ್ಯಾಂಗ್ ಪಟ್ಟಿ ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಸಿಗದ ಸಾಲುಗಳಲ್ಲಿ ಬಹಳಷ್ಟು ಸ್ಲ್ಯಾಂಗೇ ಅಲ್ಲ. ಗೊತ್ತಿರೋ ಪದಗಳೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ. "ಹಸ್ಟ್ ಡೂ" ಅನ್ನೋದು "ಹಸ್ಟೆ" ಆಗುತ್ತೆ, "ಕನ್ಸ್ಟ್ ಡೂ" "ಕನ್ಸ್ಟೆ" ಆಗುತ್ತೆ. ಕ್ರಿಯಾಪದದ ಕೊನೆಗೆ "ಸ್ಟೆ" ಕಂಡರೆ ಮೊದಲು ಅಲ್ಲಿ "ಡೂ" (ನೀನು) ಅಡಗಿದೆಯಾ ನೋಡಿ. "ಇಸ್ಟ್ ಝೋ" ಮೊಟಕಾಗಿ "ಇಸ್ಸೊ" (ಹೌದು, ಅದು ಹಾಗೇ), "ನಿಶ್ಟ್ಸ್" (ಏನೂ ಇಲ್ಲ) "ನಿಕ್ಸ್" ಆಗುತ್ತೆ. "ನೆ" ಮಾತ್ರ ಕಾಡುತ್ತೆ: ನಾಮಪದದ ಮುಂದೆ ಬಂದರೆ ಅದು "ಐನೆ" (ಒಂದು), ಸಾಲಿನ ಕೊನೆಗೆ ಪ್ರಶ್ನೆ ಚಿಹ್ನೆ ಜೊತೆ ಬಂದರೆ ನಮ್ಮ "ಅಲ್ವಾ?". ದಕ್ಷಿಣದವರು ಅದೇ ಜಾಗದಲ್ಲಿ "ಗೆಲ್" ಅಂತಾರೆ, ಬರ್ಲಿನ್‌ನವರು "ವಾ".

ಎರಡನೆಯದು ಮಾಲ್, ಡೊಖ್, ಯಾ, ಹಲ್ಟ್ ಎಂಬ ಪುಟ್ಟ ಪದಗಳು. ಪುಸ್ತಕಗಳು ಇವುಗಳ ಅರ್ಥ ಹೇಳೋಕೆ ಒದ್ದಾಡುತ್ತವೆ, ಕನ್ನಡದವರಿಗೆ ಅಷ್ಟು ಕಷ್ಟ ಇಲ್ಲ. "ಕೊಮ್ ಹೇರ್" ಅಂದರೆ "ಇಲ್ಲಿ ಬಾ", ಅಪ್ಪಣೆ. "ಕೊಮ್ ಮಾಲ್ ಹೇರ್" ಅಂದರೆ "ಸ್ವಲ್ಪ ಇಲ್ಲಿ ಬಾ". ಈ "ಸ್ವಲ್ಪ"ಕ್ಕೆ ಅಳತೆ ಇಲ್ಲ, ಮೆದುಗೊಳಿಸೋದಷ್ಟೇ ಕೆಲಸ. "ಮಾಲ್" ಕೂಡ ಹಾಗೇ. "ಡೂ ಕೆನ್ಸ್ಟ್ ಈನ್ ಯಾ" ಅಂದರೆ "ಅವನು ನಿನಗೆ ಗೊತ್ತಲ್ಲ". "ಹಲ್ಟ್" ಅಂದರೆ "ಅಷ್ಟೇ, ಏನು ಮಾಡೋಕಾಗುತ್ತೆ" ಅನ್ನೋ ಧಾಟಿ. "ಬರಲ್ವಾ?" ಅಂತ ಇಲ್ಲ ಎಂಬರ್ಥದಲ್ಲಿ ಕೇಳಿದಾಗ ಒಂಟಿಯಾಗಿ "ಡೊಖ್!" ಅಂದರೆ "ಬರ್ತೀನಿ, ಯಾಕೆ ಬರಲ್ಲ!". ಅಲ್ಲಿ "ಯಾ" (ಹೌದು) ಅಂದರೆ ಕೇಳಿದವರು ಗೊಂದಲಕ್ಕೆ ಬೀಳ್ತಾರೆ.

ಒಂದು ಎಚ್ಚರಿಕೆ: ಇವುಗಳ ಮೇಲೆ ಸಾಮಾನ್ಯವಾಗಿ ಒತ್ತು ಕೊಡಬಾರದು. "ಕೊಮ್ ಯಾ ನಿಶ್ಟ್ ತ್ಸು ಶ್ಪೇಟ್" ಅನ್ನುವಾಗ "ಯಾ" ಒತ್ತಿ ಹೇಳಿದರೆ "ತಡವಾಗಿ ಬಂದ್ಯೋ, ನೋಡ್ಕೋ" ಅನ್ನೋ ಗದರಿಕೆ ಆಗುತ್ತೆ.

ಕೀಬೋರ್ಡ್_ಕಾಕಾ
ಮೊಟಕು ಪದಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಕಲಿಯಬೇಡಿ, ದಿನಾ ಕಾಣೋದರಿಂದ ಶುರು ಮಾಡಿ. ಕೆ.ಎ. (ಕೈನೆ ಆನುಂಗ್) ಮತ್ತು ಕೆ.ಪಿ. (ಕೈನ್ ಪ್ಲಾನ್) ಎರಡೂ "ಗೊತ್ತಿಲ್ಲಪ್ಪ". ಕೆ.ಬಿ. (ಕೈನ್ ಬೊಕ್) ಅಂದರೆ "ಮನಸ್ಸಿಲ್ಲ". ಡಬ್ಲ್ಯು.ಎಂ.ಡಿ. ಅಂದರೆ "ಏನ್ ಮಾಡ್ತಿದ್ದೀಯ". "ಇರ್ಗೆಂಟ್‌ವೀ" (ಹೇಗೋ) ಅನ್ನೋ ಉದ್ದ ಪದವನ್ನು "ಐ-ವೀ" ಥರ ಚುಟುಕಾಗಿಸಿ ಬರೀತಾರೆ.

ಎಡವೋದು ಕೊನೆಯ ಸಹಿಯಲ್ಲಿ. ಎಲ್.ಜಿ. (ಲೀಬೆ ಗ್ರ್ಯೂಸೆ) ಆತ್ಮೀಯ. ಎಂ.ಎಫ್.ಜಿ. ಕಚೇರಿ ಪತ್ರದ್ದು, ಗೆಳೆಯರಿಗೆ ಹಾಕಿದರೆ ಒಂದೋ ಕೋಪ ಬಂದಿದೆ ಅಂತ, ಇಲ್ಲಾ ತಮಾಷೆ ಅಂತ ತಿಳೀತಾರೆ. ಎಚ್.ಡಿ.ಎಲ್. (ಹಾಬ್ ಡಿಶ್ ಲೀಬ್, ನೀನಂದ್ರೆ ನಂಗಿಷ್ಟ) ತೀರಾ ಹತ್ತಿರದವರಿಗೆ ಮಾತ್ರ.

ತಮಾಷೆ ಬೇಕಿದ್ದರೆ ನಕ್ಷತ್ರ ಚಿಹ್ನೆಗಳ ನಡುವೆ ಬರೆಯೋ ಕ್ರಿಯಾಪದ ಕಲೀರಿ: \*ಗ್ರಿನ್ಸ್\*, \*ಲಖ್\*, \*ಗ್ರ್ಯೂಬೆಲ್\*. "ಗ್ರಿನ್ಸನ್" (ಹಲ್ಲು ಕಿಸಿಯೋದು) ಪದದಿಂದ ಕೊನೆಯ "ಇ-ಎನ್" ಎರಡಕ್ಷರ ಕಿತ್ತರೆ "ಗ್ರಿನ್ಸ್". "ಗ್ರ್ಯೂಬೆಲ್ನ್" (ಯೋಚಿಸ್ತಾ ಕೂರೋದು) ಥರದವುಗಳಲ್ಲಿ ಬರೀ "ನ್" ಕಿತ್ತರೆ ಸಾಕು. ಕರ್ತೃ ಇಲ್ಲ, ಕಾಲ ಇಲ್ಲ. ಕರ್ಮ ಬೇಕಿದ್ದರೆ ಮುಂದೆ ಅಂಟಿಸಿ: \*ಕಫೆಶ್ಲ್ಯುರ್ಫ್\*, ಅಂದರೆ ಕಾಫಿ ಸೊರ್ರನೆ ಹೀರ್ತಾ. ಡೊನಾಲ್ಡ್ ಡಕ್ ಕಾಮಿಕ್ಸನ್ನು ಜರ್ಮನ್‌ಗೆ ತಂದ ಎರಿಕಾ ಫುಕ್ಸ್ ಈ ರೂಪವನ್ನು ಧಾರಾಳವಾಗಿ ಬಳಸಿದ್ದರಿಂದ ತಮಾಷೆಗೆ ಇದನ್ನು "ಎರಿಕಾಟೀಫ್" ಅಂತಾರೆ. ಈಗ ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತೆ, ಹದಿಹರೆಯದವರು ಇಮೋಜಿಗೆ ಹೋಗಿಬಿಟ್ಟಿದ್ದಾರೆ.

ಇನ್ನೊಂದು ಹೊಂಡ: ರೆಡಿಟ್‌ನ "ಇಶ್ ಐ.ಇ.ಎಲ್." ಗುಂಪು. ಅಲ್ಲಿ ಇಂಗ್ಲಿಷ್ ಪದಗಳನ್ನು ಬೇಕಂತಲೇ ಸೊಟ್ಟಗೆ ಜರ್ಮನ್ ಮಾಡ್ತಾರೆ. ಮೀಮ್ ಅಲ್ಲಿ "ಮೈಮೈ", ಪೋಸ್ಟ್ ಅಲ್ಲಿ "ಪ್ಫೊಸ್ಟನ್", ಅಂದರೆ ಅಕ್ಷರಶಃ ಕಂಬ! ಓದೋಕೆ ಮಜಾ, ಹೊರಗೆ ಬಳಸಿದರೆ ಕೆಲವರಿಗೆ ನಗು, ಉಳಿದವರಿಗೆ ತಲೆಕೆರೆತ.

ಗಾದೆಗುಂಡ
ನುಡಿಗಟ್ಟಿಗೆ ಬರ್ತೀನಿ. ಪಟ್ಟಿಗಳಲ್ಲಿ ಎಪ್ಪತ್ತು ಎಂಬತ್ತು ಇರುತ್ತೆ, ದಿನಬಳಕೆಯವು ಕೆಲವೇ. "ಡಸ್ ಇಸ್ಟ್ ಮೀರ್ ವುರ್ಸ್ಟ್" (ನನಗೇನಂತೆ, ಆಡುವಾಗ ಬಹುತೇಕ "ವುರ್ಶ್ಟ್"). "ಇಶ್ ಫೆರ್‌ಶ್ಟೇ ನೂರ್ ಬಾನ್‌ಹೋಫ್" (ಒಂದೂ ಅರ್ಥವಾಗ್ತಿಲ್ಲ). "ಡೂ ಗೇಸ್ಟ್ ಮೀರ್ ಔಫ್ ಡೇನ್ ಕೇಕ್ಸ್" (ತಲೆ ತಿನ್ನಬೇಡ). "ಶ್ವೈನ್ ಗೆಹಾಬ್ಟ್" (ಅದೃಷ್ಟ ಚೆನ್ನಾಗಿತ್ತು, ಬಚಾವ್). ಇವನ್ನು ಇಡಿಯಾಗಿ ಕಲೀರಿ, ಒಳಗಿನ ಪದ ಅದಲುಬದಲು ಮಾಡಬೇಡಿ. "ಬಾನ್‌ಹೋಫ್" (ರೈಲು ನಿಲ್ದಾಣ) ಮುಂದೆ "ಡೇನ್" ಹಾಕಿದರೆ ಜೋಕೇ ಸತ್ತುಹೋಗುತ್ತೆ. "ಮೀರ್" (ನನಗೆ) ಜಾಗದಲ್ಲಿ "ಮಿಶ್" (ನನ್ನನ್ನು) ಅಂದರೂ ತಪ್ಪು.

"ಇಶ್ ಡ್ರ್ಯುಕ್ ಡೀರ್ ಡೀ ಡೌಮನ್" ಅಂದರೆ "ನಿನಗೆ ಒಳ್ಳೇದಾಗಲಿ". ಇದರ ಸನ್ನೆ ಹೆಬ್ಬೆರಳು ಎತ್ತೋದಲ್ಲ, ಮುಷ್ಟಿಯೊಳಗೆ ಮಡಚಿ ಒತ್ತೋದು.

ತುಂಬಾ ಜನ ಸಿಕ್ಕಿಬೀಳೋದು ಇಲ್ಲಿ: ಸೆಕೆ ಆಗ್ತಿದೆ ಅನ್ನೋಕೆ "ಮೀರ್ ಇಸ್ಟ್ ಹೈಸ್". "ನನಗೆ ಸೆಕೆ" ಅನ್ನೋ ನಮ್ಮ ಜಾಯಮಾನವೇ, "ನನಗೆ" ಇರಲೇಬೇಕು. "ಇಶ್ ಬಿನ್ ಹೈಸ್" ಅಂದರೆ ಕಾಮೋದ್ರೇಕದ ಮಾತಾಗುತ್ತೆ. "ಗೈಲ್" ಪದಕ್ಕೂ ಎರಡು ಮುಖ: ವಸ್ತು, ಸಂಗೀತ, ಪ್ರವಾಸದ ಬಗ್ಗೆ "ಸೂಪರ್", ವ್ಯಕ್ತಿಯ ಬಗ್ಗೆ ಬಂದರೆ ಬೇರೆ ಅರ್ಥ. "ಕ್ರಸ್" ಸುರಕ್ಷಿತ, ಬೆರಗಿಗೂ ಸೈ, ಬೇಸರಕ್ಕೂ ಸೈ.

ಮಾತಿನಮಲ್ಲಿ
ಉಚ್ಚಾರಣೆ ಬಗ್ಗೆ ಒಂದೇ ಮಾತು. ನಮಗೆ ಒ–ಓ, ಅ–ಆ ವ್ಯತ್ಯಾಸ ಹುಟ್ಟಿನಿಂದ ಬಂದಿದೆ, ಅದನ್ನೇ ದುಡಿಸಿಕೊಳ್ಳಿ: ಒಫನ್ (ತೆರೆದ) ಬೇರೆ, ಓಫನ್ (ಒಲೆ) ಬೇರೆ. "ಬೊಕ್" ಹ್ರಸ್ವ, ಎಳೆಯಬೇಡಿ.

ಹಂಬುರ್ಗ್_ಹಂಬಲ
"ಡಿಗ್ಗ" ಹಂಬುರ್ಗ್ ಕಡೆಯದು, "ಡಿಕರ್" ಪದದಿಂದ ಬಂದದ್ದು. ಹಿಪ್‌ಹಾಪ್ ಮೂಲಕ ದೇಶವೆಲ್ಲ ಹರಡಿತು. ನಮ್ಮ "ಮಚ್ಚಾ" ಇದ್ದ ಹಾಗೆ. ಅವರು ಮೊದಲು ಅಂದರೆ ನೀವೂ ಅನ್ನಿ, ಶಿಕ್ಷಕರಿಗೆ, ಮೇಲಧಿಕಾರಿಗೆ ಬೇಡ. ಇಂಟರ್ನೆಟ್‌ನಲ್ಲಿ ಸಾಮಾನ್ಯವಾಗಿ ಎಲ್ಲರೂ "ಡೂ", ಹೊರಗೆ ಅಪರಿಚಿತ ಹಿರಿಯರು "ಝೀ" (ನೀವು).

ಲಾಂಗನ್‌ಶೈಟ್ ಪ್ರಕಾಶನ 2008ರಿಂದ ವರ್ಷದ ಯುವಪದ ಆರಿಸ್ತಿದೆ: 2021ರಲ್ಲಿ ಕ್ರಿಂಜ್ (ಮುಜುಗರ ತರೋದು), 2023ರಲ್ಲಿ ಗೂಫಿ (ಪೆದ್ದುಪೆದ್ದು), 2024ರಲ್ಲಿ ಔರಾ (ವರ್ಚಸ್ಸು). ಗುರುತು ಹಿಡಿಯೋಕೆ ಇದು ಸಾಕು, ಮಾತಾಡೋಕೆ ಬೇಡ. 2015ರ "ಸ್ಮೊಂಬಿ" (ಫೋನ್ ನೋಡ್ತಾ ನಡೆಯೋವನು) ಪದವನ್ನು ಯುವಕರೇ ಆಡೋದಿಲ್ಲ ಅಂತ ಗೇಲಿ ನಡೆದಿತ್ತು.

ಬೈಗುಳ ಮಾತ್ರ ಪ್ರಯೋಗ ಮಾಡಬೇಡಿ. ಜರ್ಮನಿಯಲ್ಲಿ ಅವಮಾನ ದಂಡಸಂಹಿತೆಯ 185ನೇ ಕಲಂ ಅಡಿ ಅಪರಾಧ. ದಂಡ ಇಲ್ಲವೇ ಒಂದು ವರ್ಷದವರೆಗೆ ಸೆರೆ, ಬಹಿರಂಗವಾಗಿದ್ದರೆ ಎರಡು ವರ್ಷದವರೆಗೆ. ಕಾಮೆಂಟ್‌ಗಳಿಗೂ ಅನ್ವಯಿಸುತ್ತೆ.

ಬಿ1_ಬಡಪಾಯಿ
ಎಲ್ಲರಿಗೂ ಧನ್ಯವಾದ. ಸಹಪಾಠಿಗೆ ಇದು ನಡೆಯುತ್ತಾ: "ನಾ? ಹಸ್ಟೆ ಮೊರ್ಗನ್ ಬೊಕ್ ಔಫ್ ಕೀನೊ, ಡಿಗ್ಗ? ಎಂ.ಎಫ್.ಜಿ." (ಏನಪ್ಪಾ? ನಾಳೆ ಸಿನಿಮಾಗೆ ಹೋಗೋ ಮನಸ್ಸಿದೆಯಾ, ಮಚ್ಚಾ?)

ಕೀಬೋರ್ಡ್_ಕಾಕಾ
"ಕೀನೊ" ತನಕ ಸೊಗಸಾಗಿದೆ. ಎಂ.ಎಫ್.ಜಿ. ತೆಗೀರಿ, ಒಂದು ಸಾಲಿನ ಚಾಟ್‌ಗೆ ಸಹಿಯೇ ಬೇಡ. ಅವರು ನಿಮ್ಮನ್ನು ಇನ್ನೂ ಡಿಗ್ಗ ಅಂದಿಲ್ಲವಾದರೆ ಅದನ್ನೂ ಬಿಡಿ. ಉತ್ತರಕ್ಕೆ ಬರೀ "ನಾ?" ಬಂದರೆ ಗಾಬರಿಯಾಗಬೇಡಿ, ಅದು ವಾಪಸ್ ನಮಸ್ಕಾರ, ಸಿನಿಮಾ ವಿಷಯ ಮುಂದಿನ ಸಾಲಲ್ಲಿ ಬರುತ್ತೆ.