ಪದಚರ್ಚೆ: ‘ಕಡೆ’ ಎಂದರೆ ಲೋಹವನ್ನೂ ಕಡೆಯಬಹುದೇ?

ಬಳಗದ ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ಈ ಓಲೆಗೆ ಕಾರಣ ಒಂದು ತುಂಡು ಉಕ್ಕಿನ ಸರಳು. 12 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಹೋದ ದೀಪಾವಳಿಯ ರಜೆಯಲ್ಲಿ ನನ್ನ ಬಾಯಿಂದ ಬಂದ ಒಂದೇ ಒಂದು ಕ್ರಿಯಾಪದದಿಂದ ಅದು ಎರಡು ತುಂಡಾಯಿತು. ಎರಡೂ ಈಗ ಯಾವ ಕೆಲಸಕ್ಕೂ ಬಾರವು.

ನಾನು ಹುಬ್ಬಳ್ಳಿಯವನು. ತಂದೆ ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್, ಅಂದರೆ ಲೇತಿನ ಕೆಲಸಗಾರ, ಆಗಿದ್ದರು. ಲೇತ್ ಎಂದರೆ ಲೋಹವನ್ನೋ ಮರವನ್ನೋ ತಿರುಗಿಸುತ್ತ ಉಳಿಯಿಂದ ರೂಪ ಕೊಡುವ ಯಂತ್ರ. ನಾನು ಭೋಸರಿಯ ಕಾರ್ಖಾನೆಗಳಲ್ಲಿ ಮೂವತ್ತೆರಡು ವರ್ಷ ಲೇತಿನ ಮುಂದೆ ನಿಂತು, ಈಗ ಚಿಂಚವಡದ ಮನೆಯ ಹಿಂಬದಿಯ ವರಾಂಡದಲ್ಲಿ ಒಂದು ಪುಟ್ಟ ಲೇತ್ ಇಟ್ಟುಕೊಂಡಿದ್ದೇನೆ. ಕಾರ್ಖಾನೆಯಲ್ಲಿ ಇನ್ನೊಬ್ಬರ ನಕ್ಷೆಗೆ ತಕ್ಕಂತೆ ದುಡಿದದ್ದಾಯಿತು, ಇನ್ನು ಆಟಿಕೆ ಮಾಡಿಕೊಂಡಿರೋಣ ಎಂದು ಒಂದು ಚಿಕ್ಕ ಉಗಿ ಎಂಜಿನ್ನಿಗೆ ಕೈ ಹಾಕಿದೆ. ಅಂಗೈ ಮೇಲೆ ಕೂರುವಷ್ಟು ಗಾತ್ರ. ಒಳವ್ಯಾಸ 10 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 20 ಮಿಲಿಮೀಟರ್. ಸಿಲಿಂಡರಿಗೆ ಹಿತ್ತಾಳೆ, ಪಿಸ್ಟನ್ನಿಗೆ ಉಕ್ಕು. ಹಿತ್ತಾಳೆಯನ್ನು ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ತೂಕ ಹಾಕಿಸಿ ತಂದೆ. ಇದರಲ್ಲಿ ಬೇರೆ ಕವಾಟವೇ ಇರುವುದಿಲ್ಲ. ಸಿಲಿಂಡರೇ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ತೂಗುವಾಗ ಅದರ ಬದಿಯ ತೂತು ಅದನ್ನು ಹೊತ್ತ ಕಂಬದ ಮೇಲಿನ ಎರಡು ತೂತುಗಳ ಎದುರಿಗೆ ಸರದಿಯ ಮೇಲೆ ಬಂದು ನಿಲ್ಲುತ್ತದೆ. ಒಂದರಿಂದ ಉಗಿ ಒಳಗೆ, ಇನ್ನೊಂದರಿಂದ ಹೊರಗೆ. ಮೊದಲ ಪರೀಕ್ಷೆಗೆ ಉಗಿಯೂ ಬೇಡ, ಸೈಕಲ್ ಪಂಪಿನ ಗಾಳಿ ಸಾಕು.

ತಂಗಿಯ ಮಗ ಗದಗಿನಲ್ಲಿ ಐಟಿಐ ಓದುತ್ತಾನೆ, ಟರ್ನರ್ ವಿಭಾಗ. ರಜೆಗೆ ಬಂದವನು ನನಗಿಂತ ಹೆಚ್ಚು ಹೊತ್ತು ವರಾಂಡದಲ್ಲೇ ಇದ್ದ. ಪಿಸ್ಟನ್ ಮತ್ತು ಅದರ ಕೋಲು ಒಂದೇ ತುಂಡಿನಲ್ಲಿ ಬರಬೇಕು. ಹಾಗಾಗಿ ಸರಳಿನ ಮೇಲೆ ಒಂದು ಗೀಟು ಹಾಕಿ ಕೊಟ್ಟು, ಚಹಾ ಕುಡಿಯಲು ಒಳಗೆ ಹೋದೆ. ಏನು ಮಾಡಲಿ ಎಂದು ಅಲ್ಲಿಂದಲೇ ಕೇಳಿದ. ಗೀಟಿನ ಮಟ ಕಡೆ ಎಂದು ಇಲ್ಲಿಂದಲೇ ಕೂಗಿದೆ. ಸರಳನ್ನು ತಿರುಗಿಸುತ್ತ ಗೀಟಿನವರೆಗೆ ಉಳಿಯಿಂದ ತೆಳ್ಳಗೆ ಮಾಡು ಎಂಬ ಅರ್ಥದಲ್ಲಿ. ಆದರೆ ಕೂಗಿದ್ದು ಹುಬ್ಬಳ್ಳಿಯ ನಾಲಗೆ. ನಮ್ಮ ಸೀಮೆಯಲ್ಲಿ ‘ಮನೆ’ ‘ಮನಿ’ ಆಗುತ್ತದೆ, ‘ಎಲೆ’ ‘ಎಲಿ’ ಆಗುತ್ತದೆ, ಅದೇ ದಾರಿಯಲ್ಲಿ ‘ಕಡೆ’ ‘ಕಡಿ’ ಆಗುತ್ತದೆ. ಹುಡುಗ ಕಡಿದ. ಗೀಟಿನ ಮೇಲೆಯೇ, ಎಣ್ಣೆ ಬಿಟ್ಟುಕೊಂಡು, ತುಂಡರಿಸುವ ಉಳಿ ಹಾಕಿ, ಅಚ್ಚುಕಟ್ಟಾಗಿ. ನಾನು ಹೊರಗೆ ಬಂದಾಗ “ಮಾಮಾ, ಕಡಿ ಎಂದಿರಲ್ಲ” ಎಂದ. ಚಿಕ್ಕ ಲೇತಿನಲ್ಲಿ ಉಕ್ಕನ್ನು ತುಂಡರಿಸುವಾಗ ಉಳಿ ಕಚ್ಚಿಕೊಂಡು ಮುರಿಯುವುದೇ ಹೆಚ್ಚು. ಆದರೆ ಅವನ ತುಂಡಿನ ಮುಖ ನಮ್ಮ ಮೋರೆ ಕಾಣುವಷ್ಟು ನುಣುಪಾಗಿತ್ತು. ಬೈಯಲೂ ಆಗಲಿಲ್ಲ.

ಭೂತಕಾಲಕ್ಕೆ ಓಡಿದರೂ ಪಾರಾಗುವಂತಿಲ್ಲ. ಬರಹದಲ್ಲಿ ‘ಕಡೆದ’ ಬೇರೆ, ‘ಕಡಿದ’ ಬೇರೆ. ನಮ್ಮ ಬಾಯಲ್ಲಿ ಎರಡೂ ‘ಕಡದ’. ಇನ್ನು ಬರಹಕ್ಕೆ ಬಂದರೆ ಈ ಕಡೆಗೆ ಬೇರೆಯದೇ ಸಂತೆ. ಬದಿ ಎಂಬ ಅರ್ಥದ ಕಡೆ, ಕೊನೆ ಎಂಬ ಅರ್ಥದ ಕಡೆ, ತಿರುಗಿಸಿ ರೂಪ ಕೊಡುವ ಕಡೆ. ಹುಡುಗನಿಗೆಂದು ಕನ್ನಡದಲ್ಲಿ ಕೆಲಸದ ಕ್ರಮ ಬರೆಯಲು ಕೂತಾಗ ನನ್ನ ಮೂರನೆಯ ವಾಕ್ಯ ಹೀಗಿತ್ತು: ‘ಆ ಕಡೆ ಕಡೆದ ಮೇಲೆ ಕಡೆಯಲ್ಲಿ ಈ ಕಡೆಯನ್ನು ಕಡೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ಓದಿ ನಾನೇ ಪೆನ್ನು ಕೆಳಗಿಟ್ಟೆ.

‘ಟರ್ನಿಂಗ್ ಮಾಡು’ ಎಂದರೆ ಮುಗಿಯಿತಲ್ಲ ಎಂದು ಬಳಗದಲ್ಲಿ ಯಾರಾದರೂ ಹೇಳುತ್ತಾರೆಂದು ಬಲ್ಲೆ. ಲೇತ್, ಚಕ್, ಪಿಸ್ಟನ್, ಸಿಲಿಂಡರ್ ಇವುಗಳ ಮೇಲೆ ನನಗೆ ಯಾವ ಜಗಳವೂ ಇಲ್ಲ. ಸಾಮಾನು ಬಂದಾಗ ಅದರ ಹೆಸರೂ ಜೊತೆಗೆ ಬರುತ್ತದೆ. ಆದರೆ ಕೈ ಮಾಡುವ ಕೆಲಸಕ್ಕೆಲ್ಲ ‘ಮಾಡು’ ಒಂದನ್ನೇ ಅಂಟಿಸಿದರೆ ಫೇಸಿಂಗ್ ಮಾಡು, ಬೋರಿಂಗ್ ಮಾಡು, ಲ್ಯಾಪಿಂಗ್ ಮಾಡು ಎಂದು ಕನ್ನಡಕ್ಕೆ ಉಳಿಯುವುದು ಬರಿಯ ಬಾಲ. ಅಷ್ಟಕ್ಕೂ ಪದ ಇಲ್ಲದಿದ್ದರೆ ಸರಿ, ಇದೆಯಲ್ಲ!

ನಿಘಂಟಿನಲ್ಲಿ ‘ಕಡಚಲು’ ಸಿಗುತ್ತದೆ, ಮರವನ್ನು ತಿರುಗಿಸಿ ರೂಪ ಕೊಡುವ ಕೆಲಸ ಎಂಬ ಅರ್ಥದಲ್ಲಿ. ತಮಿಳಿನಲ್ಲಿ ‘ಕಡೈ’ ಎಂದರೆ ಮೊಸರು ಕಡೆಯುವುದೂ ಹೌದು, ಲೇತಿನ ಕೆಲಸವೂ ಹೌದು. ಅಲ್ಲಿ ‘ಕಡೈಸಲ್’ ಇಂದಿಗೂ ಅಂಗಡಿಯ ಹಲಗೆಗಳ ಮೇಲಿದೆ. ಮಲಯಾಳದಲ್ಲಿಯೂ ‘ಕಡಯುಕ’ಕ್ಕೆ ಎರಡೂ ಅರ್ಥ. ಮೊಸರಿಗೂ ಮರಕ್ಕೂ ಏನು ಸಂಬಂಧ ಎಂದು ಬಹಳ ದಿನ ಯೋಚಿಸಿದ್ದೆ. ಉತ್ತರ ಹಗ್ಗದಲ್ಲಿದೆ. ಉಡುಪಿಯ ಕೃಷ್ಣನ ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಅದಕ್ಕೆ ಸುತ್ತುವ ಹಗ್ಗ. ಹಗ್ಗವನ್ನು ಒಮ್ಮೆ ಆಚೆಗೆ ಒಮ್ಮೆ ಈಚೆಗೆ ಎಳೆದರೆ ಕೋಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತುತ್ತದೆ. ವಿದ್ಯುತ್ತು ಬರುವ ಮೊದಲು ಮರದ ಲೇತ್ ಕೂಡ ಹಾಗೆಯೇ. ಮರದ ತುಂಡಿಗೆ ಹಗ್ಗ ಸುತ್ತಿ ಒಬ್ಬ ಎಳೆಯುತ್ತಾನೆ, ಇನ್ನೊಬ್ಬ ಉಳಿ ಹಿಡಿಯುತ್ತಾನೆ. ಮರ ಉಳಿಯ ಕಡೆಗೆ ತಿರುಗುವಾಗ ಮಾತ್ರ ಕೆಲಸ, ಹಿಂದಕ್ಕೆ ತಿರುಗುವಾಗ ಉಳಿಗೆ ವಿರಾಮ. ಕೋಲಿನ ಕೆಳಗೆ ಮೊಸರಿನ ಗಡಿಗೆ ಇಟ್ಟರೆ ಬೆಣ್ಣೆ, ಬದಿಗೆ ಉಳಿ ಹಿಡಿದರೆ ಬುಗುರಿ. ಚಲನೆ ಒಂದೇ, ಆದ್ದರಿಂದ ಕ್ರಿಯಾಪದವೂ ಒಂದೇ ಎಂಬುದು ನನ್ನ ತರ್ಕ. ಅರಣಿಯಿಂದ ಬೆಂಕಿ ಹುಟ್ಟಿಸುವುದಕ್ಕೂ ‘ಕಡೆ’ ಎನ್ನುವುದನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುತ್ತೇನೆ. ಅಲ್ಲಿಯೂ ಹಗ್ಗವಿದೆ.

ಹೊಯ್ಸಳರ ಗುಡಿಗಳ ಕಂಬಗಳನ್ನು ನೋಡಿದವರು ಅವುಗಳನ್ನು ‘ಕೆತ್ತಿದ ಕಂಬ’ ಎಂದು ಬರೆದಾಗ ನನಗೆ ಸಣ್ಣ ಕಿರಿಕಿರಿ. ಬೇಲೂರಿನ ನವರಂಗದಲ್ಲಿ ಬಳಪದ ಕಲ್ಲಿನ ದುಂಡು ಕಂಬಗಳ ಸುತ್ತ ಓಡುವ ಆ ಗೆರೆಗಳು, ಆ ಚೂಪು ಅಂಚುಗಳು ತಿರುಗಣಿಯ ಕೆಲಸ. ಅದು ಕಡೆದ ಕಂಬ. ಮದನಿಕೆಯರನ್ನು ಕೆತ್ತಿದ್ದಾರೆ, ಕಂಬವನ್ನು ಕಡೆದಿದ್ದಾರೆ. ‘ಕಡೆದಿಟ್ಟ ಗೊಂಬೆಯಂತಿದ್ದಾಳೆ’ ಎಂಬ ಮಾತಿನಲ್ಲಿ ಎರಡೂ ಕಲಸಿಹೋಗಿವೆ, ಇರಲಿ. ನಮ್ಮ ಪಕ್ಕದ ಮನೆಯ ಮರಾಠಿ ಹಿರಿಯರಿಗೆ ಇದನ್ನು ಹೇಳಿದಾಗ ಅವರು ತಮ್ಮಲ್ಲಿ ‘ಕಾತೀವ’ ಇದೆ ಎಂದರು. ಲೇತಿನಲ್ಲಿ ಕಡೆದ ಕಂಬವೂ ಕಾತೀವ, ಅಳತೆಗೆ ತಕ್ಕಂತಿರುವ ಮೈಕಟ್ಟೂ ಕಾತೀವ. ನೆರೆಹೊರೆಯ ಎರಡು ನುಡಿಗಳಿಗೂ ಚೆಲುವನ್ನು ವರ್ಣಿಸುವಾಗ ತಿರುಗಣಿಯೇ ನೆನಪಾಗಿದೆ.

ಆದರೆ ಮರವನ್ನೂ ಬಳಪದ ಕಲ್ಲನ್ನೂ ಕಡೆದವರು ಉಕ್ಕನ್ನು ಕಡೆಯಬಹುದೇ? ತಂದೆಯವರು ‘ಕಡೆ’ ಎಂದೇ ಹೇಳುತ್ತಿದ್ದರು, ಅದೂ ಹರಿಹರದಲ್ಲಿ ತಯಾರಾದ ಲೇತಿನ ಮುಂದೆ ನಿಂತು. ಅದು ವರ್ಕ್‌ಶಾಪಿನ ಬಳಕೆಯೋ, ಅವರೊಬ್ಬರ ರೂಢಿಯೋ ನನಗೆ ತಿಳಿಯಬೇಕಾಗಿದೆ.

ಸಿಲಿಂಡರಿನ ಒಳಗಿನ ಕೆಲಸಕ್ಕೆ ಬರೋಣ. ಮೊದಲು 9.8 ಮಿಲಿಮೀಟರಿನ ಬೈರಿಗೆಯಿಂದ ತೂತು, ಆಮೇಲೆ ಅದನ್ನು ನಿಖರ ಅಳತೆಗೆ ತರುವ ರೀಮರ್. ತೂತು ದೊಡ್ಡದಿದ್ದರೆ ಬೈರಿಗೆಯ ನಂತರ ಒಳಗೆ ಉಳಿ ಬಿಟ್ಟು ನೇರ ಮಾಡುತ್ತೇವೆ. ಬಾವಿಗೂ ‘ಕೊರೆ’, ಬೈರಿಗೆಗೂ ‘ಕೊರೆ’. ಆದ್ದರಿಂದ ತೂತು ಹುಟ್ಟಿಸುವುದಕ್ಕೆ ‘ಕೊರೆ’, ಇರುವ ತೂತನ್ನು ಉಳಿಯಿಂದ ಹಿಗ್ಗಿಸುವುದಕ್ಕೆ ‘ಒಳಗಡೆ’ ಎಂದು ಹುಡುಗನಿಗೆ ಬರೆದುಕೊಟ್ಟೆ. ಒಳ ಮತ್ತು ಕಡೆ ಸೇರಿದ ಕ್ರಿಯಾಪದ ಅದು. ಅವನು ಅದನ್ನು ಒಳಬದಿ ಎಂದು ಓದಿಕೊಂಡು, ಕ್ರಿಯಾಪದ ಎಲ್ಲಿ ಎಂದು ಕೇಳಿದ. ಸಂತೆ ಇಲ್ಲಿಗೂ ಬಂತು.

ಲ್ಯಾಪಿಂಗಿಗೆ, ಅಂದರೆ ಪುಡಿ ಹಾಕಿ ಸವೆಸಿ ಕೊನೆಯ ಅಳತೆಗೆ ತರುವ ಕೆಲಸಕ್ಕೆ, ಬಂದಾಗ ಮನೆಯಾಕೆ ಚರ್ಚೆಗೆ ಇಳಿದಳು. ಆಕೆ ಪುತ್ತೂರಿನವಳು. ಆಕೆಯ ಕನ್ನಡದಲ್ಲಿ ಕಡೆಯುವುದು ಎಂದರೆ ರುಬ್ಬುವುದು. ಒರಳಿಗೆ ‘ಕಡೆಯುವ ಕಲ್ಲು’ ಎನ್ನುತ್ತಾರೆ, ತುಳುವಿನಲ್ಲಿಯೂ ‘ಕಡೆಪಿ ಕಲ್ಲ್’. ಮದುವೆಯಾದ ಹೊಸದರಲ್ಲಿ ದೋಸೆಗೆ ಅಕ್ಕಿ ಕಡೆಯಬೇಕು ಎಂದಾಗ ನಾನು ಅಕ್ಕಿಯಲ್ಲಿ ಬೆಣ್ಣೆ ಬರುತ್ತದೆಯೇ ಎಂದು ಕೇಳಿ ನಗೆಪಾಟಲಾಗಿದ್ದೆ. ಈಗ ನೋಡಿದರೆ ಆಕೆಯ ಅರ್ಥವೇ ಈ ಕೆಲಸಕ್ಕೆ ಹತ್ತಿರ. ಎರಡು ಮೈಗಳ ನಡುವೆ ಎಣ್ಣೆಯಲ್ಲಿ ಕಲಸಿದ ನುಣ್ಣನೆಯ ಪುಡಿ, ಸುತ್ತುತ್ತ ಹಿಂದುಮುಂದು ಸರಿಯುವ ಕೈ. ಆದರೂ ನನ್ನ ಮತ ‘ತೇಯು’ ಪದಕ್ಕೆ. ಸಾಣೆಕಲ್ಲಿನ ಮೇಲೆ ಗಂಧ ತೇಯುವಾಗ ಒತ್ತಡ ಹಗುರ, ನಡುವೆ ನೀರು, ಸವೆತ ಕಣ್ಣಿಗೆ ಕಾಣದಷ್ಟು. ಉಜ್ಜುವುದರಲ್ಲಿ ಅವಸರವಿದೆ, ಅರೆಯುವುದರಲ್ಲಿ ಭಾರವಿದೆ, ತೇಯುವುದರಲ್ಲಿ ತಾಳ್ಮೆಯಿದೆ. ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ಹಿತ್ತಾಳೆಗೆ ಕಾರ್ಬೊರಂಡಂ ಎಂಬ ಬಲು ಗಟ್ಟಿ ಪುಡಿ ಹಾಕಿ ತೇಯಬಾರದು. ಹಿತ್ತಾಳೆ ಮೆತ್ತಗೆ, ಕಣಗಳು ಅದರಲ್ಲಿ ಹೂತು ಕುಳಿತು ಪಿಸ್ಟನ್ನನ್ನು ಕೊನೆಯವರೆಗೂ ತಿನ್ನುತ್ತವೆ. ಪಾತ್ರೆಗೆ ಹೊಳಪು ಕೊಡುವ ದ್ರಾವಣ ಸಾಕು, ಆಮೇಲೆ ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಬೇಕು.

ಪಿಸ್ಟನ್ನಿಗೆ ನಿಘಂಟುಗಳಲ್ಲಿ ‘ಕೊಂತ’ ಇದೆ, ‘ಆಡುಬೆಣೆ’ ಇದೆ. ಕೊಂತ ಎಂದರೆ ನನಗೆ ಈಟಿ. ಎಂಜಿನ್ನಿನೊಳಗೆ ಯುದ್ಧ ಬೇಡ. ಆಡುಬೆಣೆ ಕೇಳಲು ಸೊಗಸು, ಆದರೆ ಬೆಣೆ ಹೊಡೆಯುವುದೇ ಒಂದು ವಸ್ತು ಆಡದಿರಲಿ ಎಂದು. ಆಡುವ ಬೆಣೆ ಎಂದರೆ ಬಡಗಿ ನಕ್ಕಾನು. ಮರಾಠಿಯ ಪಠ್ಯಗಳಲ್ಲಿರುವ ‘ದಟ್ಟ್ಯಾ’ ಎಂಬುದು ಬಿರಡೆಯಂತಹ ಮನೆಮಾತು, ಮಕ್ಕಳಿಗೂ ಅರ್ಥವಾಗುತ್ತದೆ; ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ನಾನಂತೂ ಪಿಸ್ಟನ್ ಎಂದೇ ಬರೆಯುತ್ತಿದ್ದೇನೆ.

ನಿಜವಾಗಿ ಸಿಕ್ಕಿಬಿದ್ದಿರುವುದು ಬೇರೆ ಜಾಗದಲ್ಲಿ. ಈ ಎಂಜಿನ್ನಿನ ಜೀವ ಇರುವುದು ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದಿಯಲ್ಲಿ. ಒಳವ್ಯಾಸ 10.000ದಿಂದ 10.015 ಮಿಲಿಮೀಟರಿನ ಒಳಗಿರಬೇಕು, ಪಿಸ್ಟನ್ 9.986ರಿಂದ 9.995ರ ಒಳಗೆ. ಅಂದರೆ ಸಂದಿ ಹೆಚ್ಚೆಂದರೆ 0.029 ಮಿಲಿಮೀಟರ್, ಕೂದಲೆಳೆಯ ಅರ್ಧಕ್ಕಿಂತ ಕಡಿಮೆ. ಸಿಲಿಂಡರಿನ ತೂತನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ನನ್ನು ಎಳೆದು ಬಿಟ್ಟರೆ ಅದು ತಾನಾಗಿಯೇ ಒಳಗೆ ಸೆಳೆದುಕೊಳ್ಳಬೇಕು. ಬೆರಳು ತೆಗೆದು ಸಿಲಿಂಡರನ್ನು ನೆಟ್ಟಗೆ ಹಿಡಿದರೆ ತನ್ನ ಭಾರಕ್ಕೇ ಮೆಲ್ಲಗೆ ಇಳಿಯಬೇಕು. ಹಿಡಿಯಬಾರದು, ಅಲ್ಲಾಡಬಾರದು, ಗಾಳಿಯಾಡಬಾರದು. ಮೂರು ನಿಷೇಧಗಳಲ್ಲಿ ಹೇಳಬಲ್ಲೆ, ಒಂದು ಪದದಲ್ಲಿ ಹೇಳಲಾರೆ.

ತಂದೆಯವರು ‘ಹದಕ್ಕೆ ಬಂತು’ ಎನ್ನುತ್ತಿದ್ದರು. ಪಾಕಕ್ಕೆ ಹದ, ಬಿತ್ತುವ ನೆಲಕ್ಕೆ ಹದ, ತೊಗಲಿಗೆ ಹದ. ಎಲ್ಲಿಯೂ ಹದ ಒಂದೇ ವಸ್ತುವಿನ ಸ್ಥಿತಿ. ಇಲ್ಲಿರುವುದು ಎರಡರ ನಡುವಿನ ಹೊಂದಿಕೆ. ಪಿಸ್ಟನ್ ಒಂದೇ ಹದವಾಗಿರಲಾರದು. ಇದೇ ಸಿಲಿಂಡರಿಗೆ ಹದ, ಪಕ್ಕದ್ದಕ್ಕೆ ಬಿಗಿ. ‘ಅಂಗಿ ಮೈಗೆ ಕೂತಿದೆ’ ಎನ್ನುವಾಗ ಎರಡು ವಸ್ತುಗಳಿವೆ, ಆದರೆ ಕೂತದ್ದು ಸರಿಯುವುದಿಲ್ಲ. ‘ಜಾರುಗಂಟು’ ಎಂಬ ಮಾತಿನ ಮೇಲೆ ‘ಜಾರುಬಿಗಿ’ ಎಂದು ಕಟ್ಟಿ ನೋಡಿದೆ: ಬಿಗಿಯೂ ಹೌದು, ಜಾರುತ್ತದೆಯೂ ಹೌದು. ಹುಡುಗನಿಗೆ ಹಿಡಿಸಿತು. ಮನೆಯಾಕೆ ಅದು ಕುಪ್ಪಸದ ಮಾತಿನಂತಿದೆ ಎಂದಳು. ಬಳಗ ಏನನ್ನುತ್ತದೆ?

ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರನ್ನೋ ಚನ್ನಪಟ್ಟಣದಲ್ಲಿ ಹಾಲೆಮರದ ಗೊಂಬೆ ಮಾಡುವವರನ್ನೋ ಹತ್ತಿರದಿಂದ ಬಲ್ಲವರು ಇಲ್ಲಿದ್ದರೆ ಕೇಳಿ ಬರೆಯಬೇಕು. ಉಳಿ ಹಿಡಿದು ಮಾಡುವ ಕೆಲಸಕ್ಕೆ ಅವರ ಬಾಯಲ್ಲಿ ‘ಕಡೆ’ ಇದೆಯೇ, ಅಥವಾ ಬೇರೇನಾದರೂ? ತೊಟ್ಟಿಲಿನ ಗೂಟ ತೂತಿನಲ್ಲಿ ಸಡಿಲವಾಗದೆ ತಿರುಗಬೇಕಾದಾಗ ಏನೆನ್ನುತ್ತಾರೆ? ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ದುಡಿದ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ ‘ಕಡೆ’ ಮತ್ತು ‘ಕಡಿ’ಯ ಗೊಂದಲವನ್ನು ಅವರು ಹೇಗೆ ನಿಭಾಯಿಸುತ್ತಿದ್ದರೆಂದು ಕೇಳಿ. ತಂದೆಯವರ ಕಾಲದಲ್ಲಿ ಎಷ್ಟು ಸರಳು ತುಂಡಾದವೋ. ನಿಘಂಟುಗಳು ನನ್ನಲ್ಲಿವೆ, ಅವುಗಳಿಂದ ಎತ್ತಿ ಬರೆಯುವ ಶ್ರಮ ಬೇಡ. ಕೇಳಿದ ಮಾತು, ಕೇಳಿದ ಊರು ಇಷ್ಟು ಸಾಕು.

ಹುಡುಗ ಸಂಕ್ರಾಂತಿಗೆ ಮತ್ತೆ ಬರುತ್ತಾನೆ. ಅಷ್ಟರೊಳಗೆ ಹೊಸ ಸರಳು ತಂದಿಡುತ್ತೇನೆ.