ಅಪ್‌ಡೇಟ್: ಚಿಕ್ಕಪ್ಪನ ಟಾನ್ಸಿಲ್ ಕ್ಯಾನ್ಸರ್, ಬಯಾಪ್ಸಿ ರಿಪೋರ್ಟ್ ಬಂತು

ಬೀಡಿ, ಗುಟ್ಕಾ, ಎಲೆಅಡಿಕೆ ಯಾವುದನ್ನೂ ಮುಟ್ಟದ ಚಿಕ್ಕಪ್ಪನಿಗೆ ಟಾನ್ಸಿಲ್ ಕ್ಯಾನ್ಸರ್ ಹೇಗೆ ಬಂತು, ವೈರಸ್ಸಿಂದಲೂ ಬರುತ್ತಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಬರುತ್ತದಂತೆ. ರಿಪೋರ್ಟಿನ ಕೊನೆ ಸಾಲು: 'ಪಿ16 ಪಾಸಿಟಿವ್'. ಈ ಪಿ16 ವೈರಸ್ ಅಲ್ಲ, ನಮ್ಮದೇ ಜೀವಕೋಶದ ಪ್ರೋಟೀನು. ಎಚ್‌ಪಿವಿ (ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸು) ಜೀವಕೋಶದ ಬೆಳವಣಿಗೆಯ ಬ್ರೇಕನ್ನು ಕೆಡಿಸಿದಾಗ ಇದು ವಿಪರೀತ ಏರುತ್ತದೆ, ಅದಕ್ಕೇ ಗುರುತಾಗಿ ಬಳಸುತ್ತಾರೆ. ಆಮೇಲೆ ವೈರಸ್ಸನ್ನೇ ಹುಡುಕುವ ಟೆಸ್ಟೂ ಮಾಡಿಸಿದೆವು. ಎಚ್‌ಪಿವಿ 16 ಸಿಕ್ಕಿತು. ಗರ್ಭಕಂಠದ ಕ್ಯಾನ್ಸರ್ ತರುವುದೂ ಹೆಚ್ಚಾಗಿ ಇದೇ ತಳಿ.

ಗಂಟಲಲ್ಲಿ ಈ ವೈರಸ್ಸು ಸೇರಿಕೊಳ್ಳುವುದು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಸಂದುಗಳಲ್ಲಿ. ನಮ್ಮ ಕಡೆ ಜಾಸ್ತಿ ಕಾಣುವ ಕೆನ್ನೆ, ವಸಡಿನ ಕ್ಯಾನ್ಸರಿಗೆ ಮಾತ್ರ ಬಹುಪಾಲು ತಂಬಾಕು, ಅಡಿಕೆಯೇ ಕಾರಣ.

ಚಿಕ್ಕಮ್ಮ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಡಾಕ್ಟರು, "ಅದೇನೂ ಬೇಡಮ್ಮ, ಕ್ಯಾನ್ಸರ್ ಅಂಟಲ್ಲ. ವೈರಸ್ಸು ಎಷ್ಟೋ ವರ್ಷದ ಹಿಂದೆ ಬಂದಿರುತ್ತೆ, ಹೆಚ್ಚಿನವರಲ್ಲಿ ತಾನೇ ಹೋಗುತ್ತೆ" ಅಂದರು. ಯಾರಿಂದ ಬಂತು ಅಂತ ಹುಡುಕುವುದು ಸುಮ್ನೆ ಮನೆಯಲ್ಲಿ ಜಗಳಕ್ಕೆ ದಾರಿ, ಅಲ್ವಾ?

ವೈರಸ್ಸಿಂದ ಬಂದ ಈ ಬಗೆಯ ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಹಾಗಾದರೆ ಸಿಸ್ಪ್ಲಾಟಿನ್ ಅನ್ನೋ ಕೀಮೋ ಔಷಧಿ ಬದಲು ಹಗುರವಾದದ್ದು ಕೊಡಬಹುದಾ ಅಂತ ಕೇಳಿದೆ. ಅದರ ಬದಲು ಸೆಟುಕ್ಸಿಮಾಬ್ ಅನ್ನೋ ಇನ್ನೊಂದು ಔಷಧಿ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಬದುಕುಳಿದವರು ಕಡಿಮೆಯಾದರಂತೆ. ಹಾಗಾಗಿ ರೇಡಿಯೇಶನ್ ಜೊತೆ ಸಿಸ್ಪ್ಲಾಟಿನ್ನೇ. ರೇಡಿಯೇಶನ್ ವೇಳೆ ತಲೆ ಅಲುಗಾಡದಂತೆ ಮುಖದ ಅಚ್ಚು ತೆಗೆದು ಮಾಸ್ಕ್ ಮಾಡಿಸಿದ್ದಾಯಿತು, ಸೋಮವಾರ ಶುರು.